ಕಿತ್ತಳೆ ಮರದ ಮನೆ

ಮೊಮ್ಮಗಳು ಸಹನಾ ಸ್ನಾನ ಮಾಡಿ ಬಂದರೆ ಉಪ್ಪಾರಹಳ್ಳಿಯ ನಮ್ಮ ಮನೆಯ ನಡುಮನೆಯೆಲ್ಲ ಘಮ್ಮೆನ್ನುತ್ತದೆ. ಅವಳು ಹಚ್ಚಿಕೊಳ್ಳುವುದು ಸೋಪಲ್ಲ, ಸೋಪಿನ ನೀರು; ಬಾಟಲಿಯ ತಲೆ ಒತ್ತಿದರೆ ಉಗುಳುತ್ತದೆ. ಈಚೆಗೆ ಒಂದು ಭಾನುವಾರ ಅದೇನು ವಾಸನೆಯೆಂದು ಕೇಳಿದೆ.

"ಆರೆಂಜ್ ಹೂವಂತೆ ಅಜ್ಜಿ, ಬಾಟ್ಲಿ ಮೇಲೆ ಬರ್ದಿದಾರೆ" ಎಂದಳು.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲಿ ಇಂಗ್ಲಿಷ್ ಇರಲಿಲ್ಲ. ಮೂಗಿಗೆ ಕ್ಲಾಸು ಬೇಡ. ವಾಸನೆ ಹತ್ತಿರಕ್ಕೆ ಬಂದಿದೆ, ಆದರೆ ನಿಜವಾದ ಹೂವು ಇಷ್ಟು ಜೋರಾಗಿ ಕೂಗುವುದಿಲ್ಲ.

ಕಿತ್ತಳೆ ಹೂವು ಅಂದದ್ದೇ ತಡ, ಪೇಪರು ಓದುತ್ತಿದ್ದ ನಮ್ಮ ಯಜಮಾನರ ಕನ್ನಡಕ ಕೆಳಗಿಳಿಯಿತು. ಕಥೆ ಶುರುವಾಗುತ್ತದೆ ಎಂದು ನನಗೆ ಗೊತ್ತಾಯಿತು. ಗುಬ್ಬಿಯ ಹಳೆಮನೆ, ಹಿತ್ತಲಿನ ಕಿತ್ತಳೆ ಗಿಡ, ಮೋಸ ಮಾಡಿದ ಗಿಡದ ಮರಿಯಪ್ಪ. ಈ ಕಥೆಯನ್ನು ಅವರು ನಲವತ್ತು ವರ್ಷದಿಂದ ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿಕೊಂಡು ಬಂದಿದ್ದಾರೆ. ನಾನು ಪಕ್ಕದಲ್ಲೇ ಕೂತು ಕೇಳಿಕೊಂಡು ಬಂದಿದ್ದೇನೆ. ಮರಿಯಪ್ಪ ಮೋಸ ಮಾಡಲಿಲ್ಲ. ಅದು ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ. ನಿಮಗಾದರೂ ಮೊದಲಿಂದ ಸರಿಯಾಗಿ ಹೇಳುತ್ತೇನೆ.

ನಮ್ಮದು ತೆಂಗಿನ ಸೀಮೆ. ಹಿತ್ತಲು ಅಂದರೆ ತೆಂಗು, ಹೆಚ್ಚೆಂದರೆ ಒಂದು ನುಗ್ಗೆ, ಒಂದು ಕರಿಬೇವು. ಅಂಥ ಊರಿನಲ್ಲಿ ಕಿತ್ತಳೆ ಹುಚ್ಚು ಹತ್ತಿದ್ದು ಇವರಿಗೆ. ಸ್ನೇಹಿತನ ಮದುವೆಗೆಂದು ಮಡಿಕೇರಿ ಕಡೆಗೆ ಹೋಗಿದ್ದವರು ಹೂವು ಬಿಟ್ಟ ಕಿತ್ತಳೆ ತೋಟ ನೋಡಿ ಬಂದರು. ಮದುವೆಯ ಹೆಣ್ಣು ಹೇಗಿದ್ದಳು ಎಂದು ಅತ್ತೆ ಕೇಳಿದರೆ ತೋಟದ ವಾಸನೆ ಹೇಳಿದರು. "ಆ ಸೀಮೆಗೆ ಆ ಹೂವೇ ಗುರುತು ಕಣವ್ವ. ನಮ್ಗೇನಿದೆ, ತೆಂಗಿನ ಗರಿ" ಎಂದರು. ಮುಂದಿನ ಸಂತೆಯಲ್ಲಿ ಮರಿಯಪ್ಪನ ಹತ್ತಿರ ಒಂದು ಕಸಿ ಗಿಡ ತಂದು ಹಿತ್ತಲಲ್ಲಿ ನೆಟ್ಟರು. ಮರಿಯಪ್ಪ ಕುಣಿಗಲ್ ಕಡೆಯವನು, ಸೈಕಲ್ಲಿನ ಹಿಂದೆ ಮುಂದೆ ಗಿಡ ಕಟ್ಟಿಕೊಂಡು ಸಂತೆಸಂತೆ ತಿರುಗುವವನು.

ಆಗ ನಾನು ಹೊಸ ಸೊಸೆ, ಹುತ್ರಿದುರ್ಗದ ಪಕ್ಕದ ರಾಗಿ ಹೊಲದಿಂದ ಬಂದವಳು. ತವರಿನಲ್ಲಿ ಕಲಿತಿದ್ದು ಇಷ್ಟೇ: ಪೈರು ಒತ್ತಾಗಿದ್ದರೆ ಸಣಕಲನ್ನು ಕೀಳು. ಕುಂಬಳದ ಗುಂಡಿಯಲ್ಲಿ ಎರಡು ಕುಡಿ ಎದ್ದರೆ ದಪ್ಪದ್ದನ್ನು ಉಳಿಸು. ಗಿಡ ನೆಟ್ಟ ಮರುವರ್ಷ ನೀರು ಹಾಕಲು ಹೋದಾಗ ನೋಡುತ್ತೇನೆ, ಒಂದೇ ಬುಡದಲ್ಲಿ ಎರಡು ಕವಲು. ಒಂದು ಬಡಕಲು, ನಾಲ್ಕು ಎಲೆ. ಇನ್ನೊಂದು ಬುಡದಿಂದ ಎದ್ದು ದಿಂಡಾಗಿ ಬೆಳೆದಿತ್ತು, ಮುಳ್ಳೂ ಇತ್ತು. ಕುಡುಗೋಲು ಕೈಯಲ್ಲೇ ಇತ್ತು. ಬಡಕಲನ್ನು ಕಚಕ್ಕನೆ ತೆಗೆದು ದನದ ಮುಂದೆ ಎಸೆದೆ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಹೊಗಳಿಸಿಕೊಳ್ಳುವ ಚಪಲವಿರದಿದ್ದರಿಂದ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಬೈಸಿಕೊಂಡು ಮುಗಿಯುತ್ತಿತ್ತು.

ಗಿಡ ಸರಸರನೆ ಏರಿತು. ಮುಳ್ಳು ಕಂಡು ಇವರು, "ಒಳ್ಳೆ ಜಾತಿ ಕಣೇ, ಮುಳ್ಳಿರುತ್ತೆ" ಎಂದು ಇನ್ನೂ ಹಿಗ್ಗಿದರು.

ಐದನೆಯದೋ ಆರನೆಯದೋ ವರ್ಷ, ಶಿವರಾತ್ರಿಯ ಆಸುಪಾಸಿನಲ್ಲಿ ಹೂವಾಯಿತು. ಬೆಳ್ಳಗೆ, ದಪ್ಪ ಎಸಳು, ಒಳಗೆ ಹಳದಿ ಕೇಸರ. ವಾಸನೆ ಬೀದಿಯ ಕೊನೆಯ ಹಿಟ್ಟಿನ ಗಿರಣಿಯವರೆಗೆ ಹೋಗುತ್ತಿತ್ತು. ನಮ್ಮ ಮನೆಗೆ ಕಿತ್ತಳೆ ಮರದ ಮನೆ ಎಂದು ಹೆಸರು ಬಿತ್ತು. ಪೋಸ್ಟಿನವನು ಅದೇ ಗುರುತಿನಲ್ಲಿ ಕಾಗದ ತರುತ್ತಿದ್ದ. ಕೊಂಬೆಯ ಮೇಲಿನ ಹೂವು ಮುಟ್ಟಲು ಅತ್ತೆ ಬಿಡುತ್ತಿರಲಿಲ್ಲ, ಕಿತ್ತ ಹೂವೆಲ್ಲ ಹೋದ ಕಾಯಿ ಎನ್ನುವ ಲೆಕ್ಕ ಅವರದು. ಕೆಳಗೆ ಹಳೆ ಸೀರೆ ಹಾಸಿ, ಉದುರಿದ್ದನ್ನು ನೆರಳಲ್ಲಿ ಬಾಡಿಸಿ ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕುತ್ತಿದ್ದರು. ಆ ಎಣ್ಣೆಗೆ ಅಕ್ಕಪಕ್ಕದ ಹೆಂಗಸರು ಬಟ್ಟಲು ಹಿಡಿದು ಬರುತ್ತಿದ್ದರು. ಎಳೆ ಎಲೆ ಕಿವುಚಿ ಮಜ್ಜಿಗೆಗೆ ಹಾಕಿದರೆ ಬಿಸಿಲಲ್ಲಿ ಬಂದವರು ಎರಡು ಲೋಟ ಕುಡಿಯುತ್ತಿದ್ದರು. ನನ್ನ ತಲೆಯೂ ಆಗ ಘಮಘಮ. ಆ ಕಾಲದಲ್ಲಿ ಜಡೆಯೂ ಇತ್ತು, ನಂಬಿ.

ಆಮೇಲೆ ಕಾಯಿ ಬಂತು. ಒರಟು ಸಿಪ್ಪೆ, ಮುಷ್ಟಿ ಗಾತ್ರ. ಹಣ್ಣಾದ ಮೇಲೆ ಇವರು ಬೀದಿಯ ನಾಲ್ಕು ಜನರನ್ನು ಕರೆದು ಮೊದಲ ಹಣ್ಣು ಬಿಡಿಸಿ ತೊಳೆ ಹಂಚಿದರು. ಒಬ್ಬರ ಕಣ್ಣು ಮುಚ್ಚಿತು, ಇನ್ನೊಬ್ಬರು ಉಗಿದರು. ಅದು ಕಿತ್ತಳೆಯಲ್ಲ, ಹೇರಳೆ, ಹಲ್ಲು ಜುಮ್ಮೆನ್ನುವ ಹುಳಿ. ಗಿರಣಿಯವನು, "ಸಕ್ಕರೆ ಹಾಕಿ ತಿನ್ನೋ ಕಿತ್ತಳೆನಾ ಸ್ವಾಮಿ ಇದು?" ಎಂದ. ಎಲ್ಲರೂ ನಕ್ಕರು.

ಆ ವಾರದ ಸಂತೆಗೆ ಇವರ ಹಿಂದೆ ನಾನೂ ಚೀಲ ಹಿಡಿದು ಹೋಗಿದ್ದೆ. ತರಕಾರಿ ಸಾಲಿನ ನಡುವೆ ಮರಿಯಪ್ಪನ ಅಂಗಿ ಹಿಡಿದುಕೊಂಡರು. ಎರಡು ಗುಂಡಿ ಕಿತ್ತುಬಂದವು. "ಕಳ್ಳ, ಹೇರಳೆ ಕೊಟ್ಟು ಕಿತ್ತಳೆ ಅಂತೀಯ?" ಎಂದರು.

"ಕಸಿ ಅಂದ್ರೆ ಬುಡ ಹೇರಳೇದೇ ಸ್ವಾಮಿ, ಮೇಲೆ ಕಟ್ಟಿರೋ ಕಡ್ಡಿ ಕಿತ್ತಳೆದು. ಬುಡದಿಂದ ಚಿಗುರು ಬಂದ್ರೆ ತೆಗ್ದಾಕಿ ಅಂದಿದ್ನಲ್ಲ."

"ಎಲ್ಲೋ ಇತ್ತು ಬುಡದ ಚಿಗುರು? ಇದ್ದಿದ್ದೇ ಒಂದು ಗಿಡ."

ನಾನು ಏನು ಮಾಡಿದ್ದೆ ಎಂದು ಆಗ ಅರ್ಥವಾಯಿತು. ಚೀಲ ಎತ್ತಿಕೊಂಡು ಸೊಪ್ಪಿನ ಸಾಲಿನ ಕಡೆ ತಿರುಗಿದೆ.

ಗಿಡ ನೋಡಬೇಕು ಎಂದು ಮರಿಯಪ್ಪ ಮನೆಗೇ ಬಂದ. ಕುಕ್ಕರುಗಾಲಲ್ಲಿ ಕೂತು ಬುಡದ ಮಣ್ಣು ಕೆದರಿದ. ಹಳೆಯ ಗಾಯ ಸಿಕ್ಕಿತು. ಕತ್ತರಿಸಿದ್ದು ಕಸಿ ಕಡ್ಡಿಯನ್ನೇ ಎಂದು ಅವನಿಗೆ ತಿಳಿಯಿತು. ಹಿತ್ತಲ ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತ ನನ್ನನ್ನು ನೋಡಿದ. ಪಕ್ಕದಲ್ಲಿ ಅತ್ತೆ ಇದ್ದರು, ಅತ್ತೆಯ ಮುಖವನ್ನೂ ನೋಡಿದ. ಮಣ್ಣನ್ನು ಹಿಂದಕ್ಕೆ ಎಳೆದು ಅಂಗೈಯಿಂದ ತಟ್ಟಿ ಮುಚ್ಚಿದ.

"ತಪ್ಪು ನಂದೇ ಸ್ವಾಮಿ. ಕಸಿ ಕೂತಿಲ್ಲ. ಇನ್ನೊಂದು ಗಿಡ ತಂದ್ಕೊಡ್ತೀನಿ."

"ನಿನ್ನ ಗಿಡ ನೀನೇ ಇಟ್ಕೋ ಹೋಗು" ಎಂದರು ಇವರು.

ಕುಡಿಯಲು ನೀರು ಕೊಟ್ಟೆ. ಚೊಂಬು ವಾಪಸು ಕೊಡುವಾಗ ನನಗೊಬ್ಬಳಿಗೇ ಕೇಳುವಷ್ಟು ದನಿಯಲ್ಲಿ, "ಹೇರಳೆ ಚೆನ್ನಾಗಿ ಕಾಯ್ತದೆ ಕಣವ್ವ. ಉಪ್ಪಿನಕಾಯಿ ಹಾಕು" ಎಂದ.

ನಮ್ಮ ಬೀದಿಯವರು ಆಮೇಲೆ ಅವನ ಹತ್ತಿರ ಗಿಡ ಕೊಳ್ಳಲಿಲ್ಲ. ಒಂದೆರಡು ವರ್ಷಕ್ಕೆ ಅವನು ಗುಬ್ಬಿ ಸಂತೆಗೆ ಬರುವುದನ್ನೇ ಬಿಟ್ಟ. ನಾನು ಅವನು ಹೇಳಿದಂತೆ ಉಪ್ಪಿನಕಾಯಿ ಹಾಕಿದೆ. ಬೀದಿಯೆಲ್ಲ ಹೊಗಳಿಕೊಂಡು ತಿಂದಿತು. ಮೊದಮೊದಲು ಅತ್ತೆಯ ಹೆದರಿಕೆಗೆ ಸುಮ್ಮನಿದ್ದೆ. ಅತ್ತೆ ಹೋಗಿ ಮೂವತ್ತು ವರ್ಷವಾಯಿತು. ಆಮೇಲೂ ಇವರು ಕಥೆ ಹೇಳುವಾಗ ಪಕ್ಕದಲ್ಲಿ ಕೂತು ಹೂಂಗುಟ್ಟಿದೆ.

ಆ ಭಾನುವಾರವೂ ಕಥೆ ಸಂತೆಯವರೆಗೆ ಬಂತು. ಸಹನಾ, "ಎಂಥಾ ಫ್ರಾಡ್ ತಾತ ಅವ್ನು" ಎಂದಳು. ನಾನು ಹುರುಳಿಕಾಯಿ ಸೋಸುತ್ತಿದ್ದೆ. ಆ ಮಗು ಮರಿಯಪ್ಪನನ್ನು ಕಂಡಿಲ್ಲ, ಮುಂದೆ ತನ್ನ ಮಕ್ಕಳಿಗೂ ಹೀಗೇ ಹೇಳುತ್ತದೆ.

"ಅವ್ನಲ್ಲ ಕಣೇ, ನಾನು" ಎಂದೆ. "ಕಿತ್ತಳೆ ಕಡ್ಡಿ ಕುಯ್ದಿದ್ದು ನಾನು. ನಿಮ್ಮ ತಾತ ಅವತ್ತು ಕೊಬ್ಬರಿ ಮಂಡಿಗೆ ಹೋಗಿದ್ರು."

ಯಜಮಾನರು ಕನ್ನಡಕ ತೆಗೆದರು. "ಇಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಹೇರಳೆ ಉಪ್ಪಿನಕಾಯಿ."

ಸಹನಾ ನಕ್ಕಳು, ಇವರು ನಗಲಿಲ್ಲ. ಮರಿಯಪ್ಪ ಮಣ್ಣು ಮುಚ್ಚಿದ್ದನ್ನೂ ಹೇಳಿದೆ. ಎದ್ದು ರೂಮಿಗೆ ಹೋದರು. ಮೂರು ದಿನ ತಟ್ಟೆಯ ಉಪ್ಪಿನಕಾಯಿಯನ್ನು ಪಕ್ಕಕ್ಕೆ ತಳ್ಳಿ ಊಟ ಮುಗಿಸಿ ಎದ್ದರು. ನಾನೂ ಸಮಾಧಾನ ಮಾಡಲು ಹೋಗಲಿಲ್ಲ, ಸಿಟ್ಟು ಬರಬೇಕಾದ್ದೇ.

ಹೋದ ವಾರ ಇವರ ತಮ್ಮ ಹೆಂಡತಿಯೊಡನೆ ಬಂದಿದ್ದ. ಕಾಫಿ ಕುಡಿಯುತ್ತ, "ಅಣ್ಣ, ನಮ್ಮ ಸೊಸೆಗೆ ಆ ಕಿತ್ತಳೆ ಕಳ್ಳನ ಕಥೆ ಹೇಳ್ತಿದ್ದೆ ಕಣೋ. ನಿನ್ನಂಗೆ ಹೇಳಕ್ಕೆ ಬರಲ್ಲ" ಎಂದ.

ಇವರು ಲೋಟ ಕೆಳಗಿಟ್ಟರು. "ಅದು ಹಂಗಲ್ವಂತೆ. ನಿಮ್ಮತ್ತಿಗೇನ ಕೇಳು" ಎಂದರು.

ನಾನು ಹೇಳಿದೆ. ಕುಡುಗೋಲಿನಿಂದ ಹಿಡಿದು ಎಲ್ಲ ಹೇಳಿದೆ. ಸಂತೆಯ ಭಾಗ ಬಂದಾಗ, ತಮ್ಮನ ಎದುರು ಇವರ ಮಾನ ಏಕೆ ತೆಗೆಯಲಿ ಎಂದು, "ಸಂತೇಲಿ ಸಿಕ್ದ, ಗಿಡ ನೋಡಕ್ಕೆ ಮನೆಗೆ ಬಂದ" ಎಂದಷ್ಟೇ ಹೇಳಿ ಮುಂದಕ್ಕೆ ಹೋದೆ.

"ಅಂಗಿ ಹಿಡಿದಿದ್ದು ಹೇಳೋದು ಬಿಟ್ಟೆ ನೀನು" ಎಂದರು ಇವರು, ನೆಲ ನೋಡುತ್ತಾ.

ಅದನ್ನೂ ಹೇಳಿದೆ.