ಹಾಗಲಕಾಯಿ ಮುಟ್ಟದ ಕಾಗೆ

ತಿಕೋಟಾದಲ್ಲಿ ನನ್ನದು ರಕ್ತ ಪರೀಕ್ಷೆಯ ಕೆಲಸ. ಜನರ ಬೆರಳು ಚುಚ್ಚಿ ಹೊಟ್ಟೆ ಹೊರೆಯುವವನ ಮುಖ ನೋಡಿ ನಗುವವರು ಕಡಿಮೆ. ಹೊನವಾಡದ ದ್ರಾಕ್ಷಿ ತೋಟದ ಅಜ್ಜ ಒಬ್ಬರು ಮಾತ್ರ ಪ್ರತಿ ಬುಧವಾರ ಬೀಗರ ಮನೆಗೆ ಬಂದವರಂತೆ ಬರುತ್ತಿದ್ದರು. ಟವೆಲ್ಲಿನಲ್ಲಿ ಕಟ್ಟಿ ತಂದ ದ್ರಾಕ್ಷಿಯನ್ನು ಕಾದು ಕೂತವರಿಗೆಲ್ಲ ಹಂಚುವರು. ಸೂಜಿಗೆ ಹೆದರುವವರ ಇನ್ನೊಂದು ಕೈ ಹಿಡಿದು ಕೂರುವರು. ತಮ್ಮ ಪಾಳಿಯನ್ನು ಅಳುವ ಕೂಸಿನ ತಾಯಿಗೆ ಬಿಟ್ಟುಕೊಟ್ಟು, "ಮೊದಲ ನೀ ಹೋಗವ್ವಾ, ನನ್ನ ಸಕ್ಕರಿ ಎಲ್ಲಿ ಓಡಿ ಹೋಗತೈತಿ" ಅನ್ನುವರು.

ಆ ಸಕ್ಕರೆ ಓಡಿಹೋಗದಂತೆ ನೋಡಿಕೊಂಡವನು ನಾನೇ. ಪರೀಕ್ಷೆ ಮುಗಿದ ಕೂಡಲೇ ಇಬ್ಬರೂ ಬಸ್ ನಿಲ್ದಾಣದ ಚಹಾದಂಗಡಿಗೆ ಹೋಗಿ ಬಿಸಿ ಜಿಲೇಬಿ ತಿನ್ನುತ್ತಿದ್ದೆವು. ಮೊದಲು ರಕ್ತ, ಆಮೇಲೆ ಜಿಲೇಬಿ. ಅಜ್ಜ ನಿಯಮದ ಮನುಷ್ಯ. ಒಂದು ಸಾಕೆಂದು ನಾನು, ಒಂದು ತಿಂದರೆ ಅಪಶಕುನವೆಂದು ಅವರು. ಮನೆಯಲ್ಲಿ ಅಜ್ಜಿಯ ಕಾವಲು ಬಿಗಿಯಾಗಿತ್ತು. ದಿನಾ ಹಾಗಲಕಾಯಿ. ಅಜ್ಜನೋ ಬೀಗರೆದುರು, "ಹಾಗಲಕಾಯಿ ಬಿಟ್ಟು ನನಗ ಏನೂ ರುಚಿ ಹತ್ತಂಗಿಲ್ಲ" ಎಂದು ಹೊಗಳುವರು. ಮನೆಯವರೆಲ್ಲ ನಂಬಿದ್ದರು.

ಎಂಬತ್ತು ದಾಟಿದ್ದ ಅಜ್ಜ ಒಂದು ಮಧ್ಯಾಹ್ನ ತೋಟದಲ್ಲಿ ಮಲಗಿದವರು ಏಳಲಿಲ್ಲ. ವಯಸ್ಸಾಗಿತ್ತು, ಹೃದಯ ನಿಂತಿತು ಎಂದರು ಡಾಕ್ಟರು. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಅಜ್ಜನನ್ನು ನೆನೆದು ಅತ್ತೆ, ಹೆದರಿಯೂ ಅತ್ತೆ.

ಮೂರನೆಯ ದಿನ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಮನೆಯವರನ್ನು ಮಾತಾಡಿಸಲು ಹೊನವಾಡಕ್ಕೆ ಹೋದೆ. ಎಲ್ಲರೂ ಹೊಲದಲ್ಲಿ ಅಜ್ಜನನ್ನು ಮಣ್ಣು ಮಾಡಿದ ಜಾಗದಲ್ಲಿದ್ದರು. ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು, ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಎಲೆಯ ಮೇಲೆ ಜೋಳದ ರೊಟ್ಟಿ, ಸಕ್ಕರೆಯಿಲ್ಲದ ಚಹಾ, ಗುಡ್ಡೆ ಹಾಗಲಕಾಯಿ ಪಲ್ಯ. ಬೇವಿನ ಮರದಿಂದ ಎರಡು ಕಾಗೆಗಳು ಇಳಿದು, ಇಣುಕಿ ನೋಡಿ, ಮತ್ತೆ ಮೇಲೇರಿದವು. ಕಾಗೆಗೂ ನಾಲಿಗೆ ಇರುತ್ತದೆ.

"ನನ್ನ ಮ್ಯಾಲ ಏನೋ ಸಿಟ್ಟೈತಿ ಅವರಿಗೆ," ಅಂದರು ಅಜ್ಜಿ. "ಕಾಗಿ ಮುಟ್ಟೂತನಕ ನಾ ನೀರ ಮುಟ್ಟಂಗಿಲ್ಲ."

ಮೂರು ದಿನದಿಂದ ಅವರ ಹೊಟ್ಟೆಗೆ ಅರ್ಧ ಲೋಟ ಚಹಾ ಬಿಟ್ಟು ಏನೂ ಬಿದ್ದಿರಲಿಲ್ಲ. ಬಿಸಿಲು ನೆತ್ತಿಗೆ ಬಂತು. "ಒಂದ ಗುಟಕ ಕುಡಿ ಬೇ" ಎಂದು ಮಗಳು ತಂಬಿಗೆ ಹಿಡಿದು ಗೋಗರೆದರೂ ಬಾಯಿ ತೆರೆಯಲಿಲ್ಲ. ಕೂತಲ್ಲೇ ವಾಲತೊಡಗಿದರು. ನಾನು ಬಾಯಿ ಬಿಟ್ಟರೆ ಅಜ್ಜನನ್ನು ಕೊಂದವನಾಗುತ್ತೇನೆ, ಬಿಡದಿದ್ದರೆ ಅಜ್ಜಿಯೂ ಉಳಿಯುವುದಿಲ್ಲ ಅನ್ನಿಸಿತು.

ಅಜ್ಜನ ಮಗನನ್ನು ನೀರಿನ ಟ್ಯಾಂಕಿನ ಹಿಂದೆ ಕರೆದು ಎಲ್ಲ ಹೇಳಿದೆ. ಆತ ಹೊಡೆಯಲಿಲ್ಲ, ಬೈಯಲಿಲ್ಲ. ಬೈಕು ಚಾಲೂ ಮಾಡಿ ಊರೊಳಗೆ ಹೋದ. ಸೂತಕದ ಮನೆಯವನು ಜಿಲೇಬಿ ಕೇಳಿದ್ದಕ್ಕೆ ಅಂಗಡಿಯವನು ಎರಡು ಸಲ "ಏನಂದ್ರಿ?" ಎಂದನಂತೆ.

ಪೊಟ್ಟಣ ಕಂಡದ್ದೇ ಅಜ್ಜಿ ನನ್ನತ್ತ ನೋಡಿದರು.

"ತಪ್ಪು ನಂದ ಯವ್ವಾ," ಅಂದೆ. "ಪ್ರತಿ ಬುಧವಾರ ನಾನ ತಿನ್ನಸ್ತಿದ್ದೆ. ಎರಡೆರಡು."

"ಮೂರು," ಅಂದರು ಅಜ್ಜಿ. "ಬುಧವಾರದ ಅಂಗಿ ಕಿಸೇದಾಗ ಇರುವಿ ತುಂಬಿರತಿದ್ವು. ಝಾಡಿಸಿ ಝಾಡಿಸಿ ಒಗದೇನಿ. ಅದಕ್ಕ ಅವತ್ತ ರಾತ್ರಿ ಹಾಗಲಕಾಯಿ ಎರಡು ಪಾಲು ಬಡಸ್ತಿದ್ದೆ."

ಬಸ್ಸಿನಲ್ಲಿ ತಿನ್ನಲು ಮೂರನೆಯದನ್ನು ನನ್ನ ಕಣ್ಣು ತಪ್ಪಿಸಿ ಒಯ್ಯುತ್ತಿದ್ದರೆಂದು ಆಗಲೇ ನನಗೆ ಗೊತ್ತಾದದ್ದು.

ಮಗ ಕೇಳಿದ: "ಹಂಗಾರ ಮುಂಜಾನೆನ ಯಾಕ ಇಡಲಿಲ್ಲ ಬೇ?"

"ನಾ ಇಟ್ರ, ನನಗ ಗೊತ್ತಿತ್ತು ಅಂತ ಅವರಿಗೆ ಗೊತ್ತಾಗತಿತ್ತಲ್ಲೋ. ನಾಚಿಕೊಂಡು ಬರೂದ ಬಿಟ್ಟಾರು." ಆಮೇಲೆ ನನಗೆ ಹೇಳಿದರು: "ತಮ್ಮಾ, ನೀ ಇಡು. ನಾ ಆ ಕಡಿ ಮಖಾ ಮಾಡಿ ಕುಂಡ್ರತೀನಿ."

ಅಜ್ಜಿ ಎಡೆಗೆ ಬೆನ್ನು ತಿರುಗಿಸಿ ಸೆರಗು ಮುಂದೆಳೆದುಕೊಂಡರು. ಪೊಟ್ಟಣ ಬಿಚ್ಚಿಟ್ಟು ನಾನು ಹಿಂದೆ ಸರಿದೆ. ಒಂದು ಕಾಗೆ ಇಳಿಯಿತು.

"ತಿನ್ನಾಕತ್ತಾರೇನು?" ಎಂದು ತಿರುಗದೆಯೇ ಕೇಳಿದರು.

"ಹೂಂ ಯವ್ವಾ."

"ಸಾವಕಾಶ ತಿನ್ನಾಕ ಹೇಳು. ನಾ ನೋಡಾಕತ್ತಿಲ್ಲ," ಎಂದು ಅಜ್ಜಿ ಮಗಳ ಕೈಯಲ್ಲಿದ್ದ ತಂಬಿಗೆ ಇಸಿದುಕೊಂಡು ಗಟಗಟ ನೀರು ಕುಡಿದರು.