ಯಾರ ಪಾಲಿಗೂ ಬಾರದ ವೆಬ್‌ಸೈಟು

ಗಿರಾಕಿಗಳು ಅವಳನ್ನು ಕಪ್ಪು ಪರದೆ ಮೇಡಂ ಎನ್ನುತ್ತಿದ್ದರು. ಅವಳ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಗಟ್ಟಿ ಮೇಲಕ್ಕೆ ಓಡುತ್ತಿರುತ್ತಿದ್ದವು, ಅಷ್ಟೆ. ಅದೇ ಕೋಣೆಯ ಎದುರು ಮೇಜಿನಲ್ಲಿ ಕೂರುತ್ತಿದ್ದ ಅವಳ ಗಂಡನಿಗೆ ಕಿಟಕಿ ಸಾರ್ ಎಂದು ಹೆಸರಾಗಿತ್ತು. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಗಳಲ್ಲಿ ಅವನು ವಿಂಡೋಸ್‌ನವನು, ಅವಳು ಲಿನಕ್ಸ್‌ನವಳು. ಸೈಕಲ್ ಅಂಗಡಿಯ ಮೇಲಿನ ಆ ಎರಡು ಬಾಡಿಗೆ ಕೋಣೆಗಳಲ್ಲಿ ಕೂತು ಇಬ್ಬರೂ ಊರಿನ ಸಣ್ಣಪುಟ್ಟ ವ್ಯವಹಾರದವರ ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತಿದ್ದರು. ಡ್ರೈವಿಂಗ್ ಸ್ಕೂಲು, ಕನ್ನಡಕದ ಅಂಗಡಿ, ಬಾಗಿಲು ಮಾಡುವವರು, ಈಜು ಕಲಿಸುವವರು. ಹೊಸ ಗಿರಾಕಿ ಬಂದಾಗಲೆಲ್ಲ ಇವರ ಸೈಟನ್ನು ಯಾವ ಸರ್ವರಿಗೆ ಹಾಕುವುದು, ಅದರೊಳಗೆ ವಿಂಡೋಸೋ ಲಿನಕ್ಸೋ ಎಂದು ಗಂಡ ಹೆಂಡತಿ ಜಗ್ಗಾಡುತ್ತಿದ್ದರು. ಗಿರಾಕಿ ಎದುರಿಗೆ ಕೂತು ನಗುತ್ತಿದ್ದ. ಅದೇ ಅವರ ಜಾಹೀರಾತೂ ಆಗಿತ್ತು.

ಮದುವೆಗೆ ಮುಂಚೆ ಅವಳು ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ರೋಗಿಗಳ ವಿವರ ಟೈಪು ಮಾಡುತ್ತಿದ್ದಳು. ಅಲ್ಲಿಯ ಯಂತ್ರ ಕೈಕೊಟ್ಟಾಗ ರಿಪೇರಿಗೆ ಬಂದವನೇ ಅವನು. ಅವನು ಹಿಂದಿನ ಬಾರಿ ಮಾಡಿಹೋಗಿದ್ದ ತಪ್ಪನ್ನು ಅವಳು ತೋರಿಸಿಕೊಟ್ಟಳಂತೆ. ಅವನಿಗೆ ಸಿಟ್ಟು ಬಂತಂತೆ. ಮರುದಿನ ಕೆಲಸವೇನೂ ಇಲ್ಲದಿದ್ದರೂ ಮತ್ತೆ ಬಂದನಂತೆ. ಈ ಕಥೆಯನ್ನು ಅವನು ಎಲ್ಲರಿಗೂ ಹೇಳುತ್ತಿದ್ದ, ಅವಳು ಕೇಳಿಸಿಕೊಳ್ಳದವಳ ಹಾಗೆ ಕೀಲಿಮಣೆ ಕುಟ್ಟುತ್ತಿದ್ದಳು.

ಹದಿನಾರು ವರ್ಷದ ಸಂಸಾರ ಮುರಿದದ್ದಕ್ಕೆ ಹೇಳಿಕೊಳ್ಳುವಂಥ ಕಾರಣವೇ ಇರಲಿಲ್ಲ. ಕುಡಿತವಿಲ್ಲ, ಹೊಡೆತವಿಲ್ಲ, ಇನ್ನೊಬ್ಬಳಿಲ್ಲ. ಒಂದು ಭಾನುವಾರ ಊಟದ ನಡುವೆ ಅವನು, “ನನ್ನ ಕೈಲಿ ಇನ್ನು ಆಗಲ್ಲ” ಎಂದ.

“ಏನು ಆಗಲ್ಲ?”

“ಇದು.”

“ಸರಿ” ಎಂದು ಅವಳು ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಅವನು ತನ್ನ ಅಕ್ಕನ ಮನೆಯಲ್ಲಿರಲು ಹೋದಾಗಲೂ ಬಾಗಿಲ ತನಕ ಹೋಗಿ, “ಚಾರ್ಜರ್ ತಗೊಂಡ್ಯಾ?” ಎಂದು ಕೇಳಿ ಒಳಗೆ ಬಂದಳು. ಅಳು ಬರಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುವುದು ಗೊತ್ತಾದರೂ ಅದು ನಮ್ಮದು ಅನಿಸುವುದಿಲ್ಲವಲ್ಲ, ಮೈಯೆಲ್ಲ ಹಾಗಾಗಿತ್ತು. ತಂಗಿ ದಿನಾ ಫೋನು ಮಾಡಿ, “ಒಂದ್ಸಲ ಜೋರಾಗಿ ಅತ್ತುಬಿಡೇ” ಎನ್ನುತ್ತಿದ್ದಳು. ಇವಳು “ಹ್ಞೂಂ” ಎಂದು ಫೋನಿಟ್ಟು ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

ವ್ಯವಹಾರ ಪಾಲು ಮಾಡಲು ಭಾವ ಬಂದರು. ಅವಳ ಅಕ್ಕನ ಗಂಡ. ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಷಡ್ಡಕನನ್ನು ಒಂದು ಕುರ್ಚಿಯಲ್ಲಿ, ನಾದಿನಿಯನ್ನು ಇನ್ನೊಂದರಲ್ಲಿ ಕೂರಿಸಿ, ನಡುವೆ ತಾವು ಸ್ಟೂಲು ಎಳೆದುಕೊಂಡರು.

“ನೋಡಮ್ಮ, ನನಗೆ ಕಂಪ್ಯೂಟರಿನ ತಲೆಯೂ ಗೊತ್ತಿಲ್ಲ, ಬಾಲವೂ ಗೊತ್ತಿಲ್ಲ. ಕಿಟಕಿಯದೆಲ್ಲ ಅವನಿಗೆ, ಮಿಕ್ಕಿದ್ದು ನಿನಗೆ. ಆಗಬಹುದಾ?”

ಆಗಬಹುದು ಎಂದು ಇಬ್ಬರೂ ತಲೆಯಾಡಿಸಿದರು. ವಿಂಡೋಸ್ ಸರ್ವರಿನಲ್ಲಿದ್ದ ಗಿರಾಕಿಗಳು ಅವನ ಪಾಲಿಗೆ, ಲಿನಕ್ಸ್ ಸರ್ವರಿನಲ್ಲಿದ್ದವರು ಅವಳ ಪಾಲಿಗೆ ಬಂದರು. ಕಾಫಿ ಆರುವುದರೊಳಗೆ ಮಾತುಕತೆ ಮುಗಿದುಹೋಯಿತು. ಇಷ್ಟು ಸಲೀಸಾಗಿ ಮುಗಿದದ್ದು ಭಾವನಿಗೇ ಸರಿಬರಲಿಲ್ಲ. ಒಂದಿಷ್ಟು ಕೂಗಾಟವಾಗಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ.

ಉಳಿದದ್ದು ಪ್ರಾಣಿ ಡಾಕ್ಟರಮ್ಮನ ಸೈಟು. ಕಳೆದುಹೋದ ನಾಯಿ, ಬೆಕ್ಕು, ಗಿಳಿಗಳ ಫೋಟೋ ಹಾಕಿ, ಸಿಕ್ಕವರು ತಿಳಿಸುವ ಜಾಗ ಅದು. ಗಂಡ ಹೆಂಡತಿ ಸೇರಿ ಮಾಡಿದ ಮೊಟ್ಟಮೊದಲ ಸೈಟು. ವಿಂಡೋಸ್ ಸರ್ವರನ್ನು ಸಿದ್ಧಮಾಡಿದವನು ಅವನು. ಪುಟಗಳನ್ನೆಲ್ಲ ಕೂತು ಬರೆದವಳು ಅವಳು. ಈಗ ಆ ಹಳೆಯ ವಿಂಡೋಸಿಗೆ ಭದ್ರತೆಯ ಅಪ್‌ಡೇಟು ಬರುವುದು ನಿಂತಿತ್ತು. ಹಾಗೇ ಬಿಟ್ಟರೆ ಯಾವ ಕಳ್ಳ ಬೇಕಾದರೂ ಒಳಗೆ ನುಗ್ಗಬಹುದಿತ್ತು. ಹೊಸ ಸರ್ವರು ಬೇಕು, ಅದರಲ್ಲಿ ಯಾವ ವ್ಯವಸ್ಥೆ ಹಾಕಬೇಕೆಂದು ತೀರ್ಮಾನವಾಗಬೇಕು. ಅಲ್ಲಿಯ ತನಕ ಅದು ಯಾರ ಪಾಲೆಂದು ಹೇಳುವಂತಿರಲಿಲ್ಲ. ಪಾಲಿನ ಸಂಗತಿ ಹೇಳಿದರೆ ಡಾಕ್ಟರಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. “ಮಾಡುವಾಗ ಇಬ್ಬರೂ ಇದ್ರಿ. ಇಬ್ಬರೂ ಬಂದು ಹೇಳಿ” ಎಂದುಬಿಟ್ಟರು.

ಹಾಗಾಗಿ ಒಂದು ಮಧ್ಯಾಹ್ನ ಅವರ ದವಾಖಾನೆಯ ಹೊರಕೋಣೆಯಲ್ಲಿ ಮತ್ತೆ ಸೇರಿದರು. ಭಾವನೂ ಜೊತೆಗಿದ್ದರು. ಗೋಡೆಗೆ ಆನಿಸಿದ ಬೆಂಚು, ಫಿನಾಯಿಲ್ ವಾಸನೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮೂಲೆಯಲ್ಲಿ ನರಳುತ್ತಿದ್ದ ಒಂದು ನಾಯಿ. ಗಂಡ ಸ್ವಲ್ಪ ಇಳಿದುಹೋಗಿದ್ದ. ಅವಳು ಅದನ್ನು ಗಮನಿಸಿದಳು. ಗಮನಿಸಿದೆ ಎಂಬುದನ್ನೂ ಗಮನಿಸಿದಳು. ಅದರಾಚೆ ಏನೂ ಆಗಲಿಲ್ಲ.

ಅವನೇ ಶುರುಮಾಡಿದ. “ಲಿನಕ್ಸಿಗೇ ಹಾಕೋದು ಒಳ್ಳೇದು. ಲೈಸೆನ್ಸ್ ಕೊಳ್ಳೋ ತಲೆನೋವಿಲ್ಲ. ಸಣ್ಣ ಸರ್ವರ್ ಸಾಕು.”

ಅವಳು ಅವನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಈ ಮಾತು ಅವನ ಬಾಯಿಂದ ಬಂದದ್ದಿಲ್ಲ. “ಪೇಜುಗಳೆಲ್ಲ ವಿಂಡೋಸಿಗೇ ಬರೆದದ್ದು” ಎಂದಳು. “ಹೊಸ ವಿಂಡೋಸಿಗೆ ಹಾಕಿದ್ರೆ ಸ್ವಲ್ಪ ತಿದ್ದಿದ್ರೆ ಸಾಕು, ನಡೆಯತ್ತೆ. ಲಿನಕ್ಸ್ ಅಂದ್ರೆ ಎಲ್ಲಾ ಮೊದಲಿಂದ ಬರೀಬೇಕು.”

“ಒಂದ್ಸಲ ಬರೆದ್ರೆ ಆಮೇಲೆ ನಿಶ್ಚಿಂತೆ.”

“ನಡೀತಿರೋದನ್ನ ಯಾಕೆ ಕೆಡವಬೇಕು?”

ಭಾವ ಇಬ್ಬರನ್ನೂ ನೋಡಿದರು. “ಇದೊಳ್ಳೇ ಕಥೆಯಾಯ್ತಲ್ಲ! ಜೊತೇಲಿದ್ದಾಗ ಇವನು ವಿಂಡೋಸು ಅಂತ, ಇವಳು ಲಿನಕ್ಸು ಅಂತ ಕಿತ್ತಾಡಿದ್ರಿ. ಬೇರೆ ಆದ್ಮೇಲೆ ಇವನು ಅವಳ ಕಡೆ, ಅವಳು ಇವನ ಕಡೆ. ಮೊದಲೇ ಹೀಗಿರೋಕೆ ಏನು ರೋಗ ಬಂದಿತ್ತು ನಿಮಗೆ?”

ಯಾರೂ ನಗಲಿಲ್ಲ. ಡಾಕ್ಟರಮ್ಮ ಕೈಗವಸು ಬಿಚ್ಚುತ್ತ ನಿಂತಿದ್ದರು. ಸಾಕಲಾರದ ಬೆಕ್ಕನ್ನು ಬುಟ್ಟಿಯಲ್ಲಿ ತಂದು, ಇಲ್ಲದ ಕಾಯಿಲೆ ಹೇಳುವವರನ್ನು ಅವರು ಎಷ್ಟು ನೋಡಿದ್ದರೋ.

“ಇಬ್ಬರಿಗೂ ಬೇಡ್ವಾ ಇದು?” ಎಂದು ಕೇಳಿದರು, ಮೆಲ್ಲಗೆ. “ಬೇಡ ಅಂದ್ರೆ ಬಾಯಿಬಿಟ್ಟು ಹೇಳಿ. ನಾನು ಬೇರೆಯವರನ್ನ ನೋಡ್ಕೋತೀನಿ. ಬೇಜಾರೇನಿಲ್ಲ.”

ಗಂಡ ನೆಲ ನೋಡಿದ. ಕೆನ್ನೆ ಕೆಂಪಾಗಿತ್ತು. ಅವನು ಸೈಟನ್ನು ತನ್ನ ಕಡೆಗೆ ತಳ್ಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ತಾನೂ ಅದನ್ನೇ ಮಾಡುತ್ತಿದ್ದೇನೆ ಎಂದೂ. ನೋವಾಗಬೇಕಿತ್ತು. ಆಗುತ್ತದೇನೋ ಎಂದು ಒಂದು ಗಳಿಗೆ ಕಾದಳು. ಆಗಲಿಲ್ಲ. “ನಾನು ಇಟ್ಕೋತೀನಿ. ಲಿನಕ್ಸಿಗೆ ಹಾಕ್ತೀನಿ” ಎಂದಳು. ಯಾಕೆ ಹಾಗೆಂದಳೋ. ಆ ಬೆಂಚಿನಿಂದ ಎದ್ದರೆ ಸಾಕಾಗಿತ್ತು, ಅದೂ ಇರಬಹುದು.

ಲಿನಕ್ಸ್ ಎಂದ ಮಾತ್ರಕ್ಕೆ ಮುಗಿಯುವುದಿಲ್ಲ, ಅದರಲ್ಲೂ ಹತ್ತಾರು ಬಗೆ. ಮರುದಿನ ಅವಳು ಕೂತು ಓದಿದಳು. ಉಬುಂಟುಗೆ ಜನಬಳಕೆ ಹೆಚ್ಚು. ಏನೇ ಕೆಟ್ಟರೂ ಉತ್ತರ ಹೇಳುವವರು ಸಿಗುತ್ತಾರೆ. ಅಲ್ಮಾಲಿನಕ್ಸಿಗೆ ಹತ್ತು ವರ್ಷದ ತನಕ ಅಪ್‌ಡೇಟು. ಹತ್ತು ವರ್ಷ ಎಂಬುದನ್ನು ಎರಡು ಸಲ ಓದಿದಳು. ಆಗ ತಾನು ಎಲ್ಲಿರುತ್ತೇನೆ ಎಂದು ಯೋಚಿಸಹೊರಟರೆ, ಖಾಲಿ ಕೋಣೆಯಲ್ಲಿ ಸ್ವಿಚ್ಚು ತಡಕಿದ ಹಾಗಾಯಿತು. ಕೊನೆಗೆ ಡೆಬಿಯನ್ ಹಾಕಿದಳು. ಅದು ಗಡಿಬಿಡಿಯಿಲ್ಲದ್ದು, ಬೇಡದ್ದನ್ನು ತಂದು ತುಂಬುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅದು ಅವಳ ಕೈಗೆ ಪಳಗಿದ್ದು. ತಲೆ ಎಲ್ಲೋ ಇದ್ದರೂ ಬೆರಳು ತಮ್ಮಷ್ಟಕ್ಕೆ ಕೆಲಸ ಮಾಡಿಕೊಂಡು ಹೋಗುತ್ತಿದ್ದವು. ಆಗ ಅವಳಿಗೆ ಅಂಥದ್ದೇ ಬೇಕಿತ್ತು.

ಪುಟಗಳನ್ನು ಒಂದೊಂದಾಗಿ ಹೊಸದಾಗಿ ಬರೆದಳು. ಬೆಳಗಾಗುವುದು, ಬರೆಯುವುದು, ಕೆಳಗೆ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು, ಸಂಜೆಯಾಗುವುದು. ಮಾಹಿತಿಯನ್ನೆಲ್ಲ ಹೊಸ ಸರ್ವರಿಗೆ ಸಾಗಿಸಿದ ದಿನ ಸಾವಿರಾರು ಪ್ರಾಣಿಗಳ ಹೆಸರೆಲ್ಲ ಹೋಗಿ ಅಲ್ಲಿ ಪ್ರಶ್ನೆಚಿಹ್ನೆಗಳ ಸಾಲು ನಿಂತಿತ್ತು. ಹಿಂದೆಯಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದಳು, ಎದುರು ಮೇಜಿನವನು ರೇಗಿಸುತ್ತಿದ್ದ. ಈಗ ಸುಮ್ಮನೆ ಎಲ್ಲವನ್ನೂ ಅಳಿಸಿ, ಯಂತ್ರ ಕನ್ನಡ ಅಕ್ಷರ ಓದುವ ಬಗೆ ಸರಿಪಡಿಸಿ, ಮತ್ತೆ ಸಾಗಿಸಿದಳು. ಹೆಸರುಗಳು ಬಂದವು. ಡಾಕ್ಟರಮ್ಮ ಫೋನು ಮಾಡಿ, “ಭಾಳ ಬೇಗ ತೆರೆಯುತ್ತೆ ಈಗ!” ಎಂದರು. “ಹೌದು ಮೇಡಂ” ಎಂದಳು.

ಕೆಲವು ತಿಂಗಳು ಹೀಗೇ ಉರುಳಿದವು. ಅವನು ಬೇರೆ ಬೀದಿಯಲ್ಲಿ ಕೋಣೆ ಹಿಡಿದು ತನ್ನ ಯಂತ್ರಗಳನ್ನು ಒಯ್ದ. ಎದುರು ಮೇಜು ಖಾಲಿಯಾಯಿತು. ಒಂದು ದಿನ ನಡುಮಧ್ಯಾಹ್ನ ಡಾಕ್ಟರಮ್ಮನ ಫೋನು: “ಸೈಟು ಬರ್ತಾ ಇಲ್ವಲ್ಲ? ಇಲ್ಲಿ ಒಬ್ಬರು ಗಿಳಿ ಹಿಡ್ಕೊಂಡು ನಿಂತಿದ್ದಾರೆ!” ಅವಳು ನೋಡುವಷ್ಟರಲ್ಲಿ ಸೈಟು ಮತ್ತೆ ಎದ್ದಿತ್ತು. ಸರ್ವರನ್ನು ಯಾರೋ ಆಗತಾನೆ ನಿಲ್ಲಿಸಿ ಶುರುಮಾಡಿದ್ದರು. ಯಾರು ಬಂದಿದ್ದರೆಂದು ಕಪ್ಪು ಪರದೆಯಲ್ಲಿ ಹುಡುಕಿದಳು. ಗಂಡನ ಹೆಸರಿತ್ತು.

ಫೋನು ಹಚ್ಚಿದಳು. “ನನ್ನ ಸರ್ವರಿಗೆ ಕೈ ಹಾಕಿದ್ಯಾ?”

“ಅಪ್‌ಡೇಟ್ ಬಂದು ಕೂತಿತ್ತು” ಎಂದ ಅವನು, ಹಳೆಯ ಸಲಿಗೆಯಲ್ಲೇ. “ನಿಂಗೆ ಮರೆತಿರಬೇಕು, ಮಾಡಿಬಿಡೋಣ ಅಂತ...”

“ನಿನ್ನನ್ನ ಯಾರು ಒಳಗೆ ಬಿಟ್ಟಿದ್ದು?”

“ನೀನೇ. ಹಳೇ ಕೀ ಹಾಕಿ ನೋಡ್ದೆ. ಬಾಗಿಲು ತೆಗೀತು.”

ನಿಜವೇ. ಹೊಸ ಸರ್ವರು ಮಾಡಿದಾಗಲೆಲ್ಲ ತನಗೊಂದು, ಅವನಿಗೊಂದು ಖಾತೆ ತೆರೆದು, ಒಳಬರುವ ಕೀ ಸೇರಿಸುವುದು ಅವಳ ಕೈಯ ರೂಢಿ. ಈ ಸಲವೂ ಬೆರಳು ಅದನ್ನು ತಾನಾಗಿ ಮಾಡಿಮುಗಿಸಿತ್ತು. ಅವಳು ಕಿರುಚಿದಳು. ಸರ್ವರಿನ ಬಗ್ಗೆ ಕಿರುಚಿದಳು, ಗಿಳಿಯವರ ಬಗ್ಗೆ ಕಿರುಚಿದಳು, ಭಾನುವಾರದ ಊಟದ ಬಗ್ಗೆ ಕಿರುಚಿದಳು. ಆಗಲ್ಲ ಅಂದರೆ ಏನು ಆಗಲ್ಲ, ಹೇಳೋಕೆ ಬಾಯಿ ಇರಲಿಲ್ವಾ, ತಟ್ಟೆ ಎತ್ತೋಕಾದ್ರೂ ಏಳಬೇಕಿತ್ತಲ್ಲ. ಕೆಳಗೆ ಗಾಳಿ ಹೊಡೆಯುವ ಸದ್ದು ನಿಂತುಹೋಯಿತು. ಅವನು ಫೋನು ಇಡಲಿಲ್ಲ. ಕೊನೆಗೆ, “ಹೇಳಬೇಕಿತ್ತು” ಎಂದ.

ಅವನ ಖಾತೆಯನ್ನು ಅವಳು ತೆಗೆದುಹಾಕಿದಳು. ತನ್ನ ಪಾಲಿನ ಮಿಕ್ಕ ಸರ್ವರುಗಳಲ್ಲೂ ಹುಡುಕಿ ತೆಗೆದಳು; ಸಂಜೆಯ ತನಕ ಹಿಡಿಯಿತು. ಸಿಟ್ಟು ಎರಡು ದಿನ ಇತ್ತು. ಆಮೇಲೆ ಮೈ ಮತ್ತೆ ಮೊದಲಿನ ಹಾಗೆ ಮರಗಟ್ಟಿತು, ಆದರೆ ಅಷ್ಟು ಪೂರಾ ಅಲ್ಲ. ತಂಗಿ ಫೋನಿನಲ್ಲಿ ಮಾಮೂಲಿನಂತೆ ಅಳುವ ಮಾತೆತ್ತಿದಾಗ, “ಅಳು ಬರಲ್ಲ ಕಣೇ, ಬೈಗುಳ ಬರ್ತಿದೆ” ಎಂದಳು. ಆ ಕಡೆ ತಂಗಿ ಬಿದ್ದು ಬಿದ್ದು ನಕ್ಕಳು. ಇವಳು ನಗಲಿಲ್ಲ. ಫೋನನ್ನೂ ಇಡಲಿಲ್ಲ.