ಬದರಿಗೆ ಹೊರಟ ಬಾತುಕೋಳಿ ಪುಕ್ಕ

ನಮ್ಮವರು ಅಂಬತ್ತೂರಿನ ಕಾರ್ಖಾನೆಯಿಂದ ಬಂದವರೇ ಚಪ್ಪಲಿ ಬಿಟ್ಟು ನೇರ ಬಚ್ಚಲಿಗೆ ಓಡುತ್ತಾರೆ. ನೀರು ಕೇಳುವುದಿಲ್ಲ, ಕಾಫಿ ಮುಟ್ಟುವುದಿಲ್ಲ, ಫ್ಯಾನಿನ ಕೆಳಗೆ ಒಂದು ಗಳಿಗೆ ಕೂರುವುದೂ ಇಲ್ಲ. ಮದುವೆಯಾಗಿ ಟ್ರಿಪ್ಲಿಕೇನಿನ ಈ ಮನೆಗೆ ಬಂದ ಹೊಸದರಲ್ಲಿ, ಇದೆಂಥ ಆಚಾರವಂತನಪ್ಪಾ ಎಂದು ಹೆದರಿದ್ದೆ. ನಮ್ಮತ್ತೆ ಜಯಲಕ್ಷ್ಮಿಯಂತೂ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ನಮ್ಮ ಕಮಲು ಸ್ನಾನ ಆಗ್ದೆ ಒಂದು ಹನಿ ಬಾಯಿಗೆ ಹಾಕಲ್ಲ."

ನಿಜ ಗೊತ್ತಾಗಲು ನನಗೆ ಬಹಳ ದಿನ ಬೇಕಾಗಲಿಲ್ಲ. ಕಮಲಾಕರ ಎಂಬ ಈ ನನ್ನ ಗಂಡನ ಕೆಲಸ ಸ್ಲೀಪಿಂಗ್ ಬ್ಯಾಗ್ ಹೊಲಿಯುವ ಕಡೆ. ಹಿಮದಲ್ಲಿ ಡೇರೆ ಹಾಕುವವರು ಒಳಗೆ ತೂರಿಕೊಂಡು ಮಲಗುವ ಆ ಚೀಲಕ್ಕೆ ತುಂಬುವುದು ಬಾತುಕೋಳಿಯ ಎದೆಯ ಮೆತ್ತನೆ ಪುಕ್ಕ. ಅದು ಎಷ್ಟು ಬೆಚ್ಚಗಿದೆ ಎಂದು ನೋಡಲು ಕೊರೆಯುವ ಚಳಿಯ ಕೋಣೆಯೊಂದನ್ನು ಮಾಡಿದ್ದಾರೆ. ಅಳೆಯುವ ಯಂತ್ರಗಳಿದ್ದರೂ ಕೊನೆಗೊಬ್ಬ ಮನುಷ್ಯ ಬೇಕಂತೆ. ಆ ಮನುಷ್ಯ ನಮ್ಮವರು. ಜಿಪ್ ಎಳೆದು, ತಲೆಯ ಸುತ್ತ ದಾರ ಬಿಗಿದು, ಮೂಗೊಂದನ್ನು ಹೊರಗೆ ಬಿಟ್ಟು ಮಲಗಿಸುತ್ತಾರೆ. ಕೈ ಎತ್ತುವಂತಿಲ್ಲ, ಮಗ್ಗುಲಾಗುವಂತಿಲ್ಲ. "ಮೂಗು ತುರಿಸಿದ್ರೂ ಹಂಗೇ ಬಿದ್ದಿರ್ಬೇಕು ಕಣೆ" ಎಂದು ಒಮ್ಮೆ ಹೇಳಿ ನಕ್ಕಿದ್ದರು. ನನಗೆ ನಗು ಬರಲಿಲ್ಲ.

ಮಡಿಯ ಮನೆಗೆ ಪುಕ್ಕದ ಸುದ್ದಿ ತರುವುದು ಹೇಗೆ? ಕೆಲಸಕ್ಕೆ ಸೇರಿದ ದಿನವೇ "ಒಳಗೆ ಉಣ್ಣೆ ಅಮ್ಮಾ" ಎಂದುಬಿಟ್ಟಿದ್ದರು. ಉಣ್ಣೆಗೆ ಮೈಲಿಗೆಯಿಲ್ಲವಲ್ಲ! ಆ ಒಂದು ಮಾತಿನಲ್ಲಿ ಸಿಕ್ಕಿಬಿದ್ದವರು ಆಮೇಲೆ ಹೊರಗೆ ಬರಲೇ ಇಲ್ಲ. ಸಂಜೆಯ ಆ ಸ್ನಾನ ತಮಗೆ ತಾವೇ ವಿಧಿಸಿಕೊಂಡ ಪ್ರಾಯಶ್ಚಿತ್ತ.

ಹೋದ ವರ್ಷ ಅತ್ತೆ ಬದರಿಗೆ ಹೊರಟರು. ಚಳಿಗಾಲಕ್ಕೆ ಗುಡಿಯ ಬಾಗಿಲು ಮುಚ್ಚುವ ಮುಂಚಿನ ಕೊನೆಯ ತಂಡ. ಕೋಣೆ ಸಿಗದ ಕಡೆ ಡೇರೆಯೇ ಗತಿ. ಅತ್ತೆಯ ಎದೆಯ ಗೊರಗೊರ ಸದ್ದು ಕೇಳಿದ ಡಾಕ್ಟರು, ರಾತ್ರಿ ಬೆಚ್ಚಗೆ ಮಲಗುವ ಏರ್ಪಾಡಿದ್ದರೆ ಹೋಗಿ, ಇಲ್ಲದಿದ್ದರೆ ಬೇಡವೇ ಬೇಡ ಎಂದರು. ನಮ್ಮವರು ಕಾರ್ಖಾನೆಯಿಂದ ಒಂದು ಚೀಲ ತಂದರು.

ಮರುದಿನ ಬೆಳಿಗ್ಗೆ ಅತ್ತೆ ಅದರ ಚೀಟಿ ಓದಿದರು. "ಮೈನಸ್ ಹತ್ತು ಅಂತ ಹಾಕಿದಾರೆ. ಅಷ್ಟು ಕುಳಿರು ತಾಳತ್ತೇನೋ?"

"ಅದು ಗಟ್ಟಿ ಮನುಷ್ಯ ಹೆಂಗೋ ರಾತ್ರಿ ಕಳೆಯೋ ಲೆಕ್ಕ ಅಮ್ಮಾ. ನಿನ್ನಂಥೋರಿಗೆ ನಿದ್ದೆ ಬರ್ಬೇಕಂದ್ರೆ ಸೊನ್ನೆ ತನಕ ಅಷ್ಟೇ. ಚೀಲಕ್ಕೆ ತನ್ನದು ಅಂತ ಬಿಸಿ ಇಲ್ಲ, ನಿನ್ನ ಮೈಬಿಸೀನೇ ಹಿಡಿದಿಟ್ಕೊಳ್ಳತ್ತೆ. ಬೆನ್ನಡಿ ಅಪ್ಪಚ್ಚಿಯಾಗತ್ತೆ, ಅದಕ್ಕೆ ಕೆಳಗೆ ಕಂಬಳಿ ಹಾಸ್ಕೋ. ಮತ್ತೆ... ನೀರು ಮಾತ್ರ ತಾಗಿಸ್ಬೇಡ."

"ಮೇಲಿನ ಬಟ್ಟೆ ಯಾರ್ಯಾರು ಮುಟ್ಟಿದಾರೋ. ಒಂದ್ಸಲ ಅದ್ದಿ ತೆಗೀತೀನಿ."

"ಬೇಡಮ್ಮಾ!"

"ಯಾಕೋ? ಉಣ್ಣೆ ನೀರಿಗೆ ಸಾಯತ್ತಾ?" ಅತ್ತೆ ಮಗನ ಮುಖವನ್ನೇ ನೋಡುತ್ತ ಕೇಳಿದರು.

ನಮ್ಮವರು ಚೀಲವನ್ನು ಸರಸರ ಸುತ್ತತೊಡಗಿದರು. ಪುಕ್ಕ ನೆನೆದರೆ ಮುದ್ದೆಯಾಗುತ್ತದೆ, ಬಿಸಿ ಹಿಡಿಯುವುದಿಲ್ಲ. ಅದನ್ನು ಹೇಳಿದರೆ ಪುಕ್ಕವೆಂದು ಒಪ್ಪಿದಂತೆ. ಒಪ್ಪಿದರೆ ಚೀಲವೂ ಬೇಡ, ಬದರಿಯೂ ಇಲ್ಲ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. "ಹೇಳ್ಬಿಡ್ರೀ" ಎಂದು ನಾನು ಅಡುಗೆಮನೆಯಿಂದ ಪಿಸುಗುಟ್ಟಿದರೆ, ಚೀಲವನ್ನು ಅಟ್ಟಕ್ಕೆಸೆದು ಕೆಲಸಕ್ಕೆ ಹೊರಟೇಹೋದರು. ನನಗೆ ಮೈಯೆಲ್ಲ ಉರಿಯಿತು. ತಲೆ ನರೆತ ಗಂಡಸಿಗೆ ತನ್ನ ತಾಯಿಗೆ ಒಂದು ಮಾತು ಹೇಳಲಾಗದೆ ಹೋಯಿತೇ!

ಸಂಜೆ ನಾನು ಆಫೀಸಿನಿಂದ ಬರುವಾಗ ಅವರೂ ಮೆಟ್ಟಿಲು ಹತ್ತುತ್ತಿದ್ದರು. ಬಾಗಿಲಲ್ಲೇ ಮೂಗಿಗೆ ಬಡಿಯಿತು, ಮಳೆಯಲ್ಲಿ ನೆನೆದ ಹಕ್ಕಿಯ ವಾಸನೆ. ಅತ್ತೆ ಮಡಿಕೋಲಿನಿಂದಲೇ ಚೀಲವನ್ನು ಅಟ್ಟದಿಂದೆಳೆದು, ಅದ್ದಿ, ಬಾಲ್ಕನಿಯ ತಂತಿಗೆ ಹಾಕಿದ್ದರು. ನೀರು ತೊಟತೊಟ ಸುರಿಯುತ್ತಿತ್ತು. ಬೆಳಿಗ್ಗೆ ಪೂರಿಯಂತೆ ಉಬ್ಬಿದ್ದದ್ದು ಈಗ ಒದ್ದೆ ಪಂಚೆ. ಒಳಗಿನದೆಲ್ಲ ಗಂಟುಗಂಟಾಗಿ ಕೆಳಗಿಳಿದಿತ್ತು.

ಅಂದು ನಮ್ಮವರು ಬಚ್ಚಲಿಗೆ ಓಡಲಿಲ್ಲ. "ಹಾಳಾಯ್ತಲ್ಲಮ್ಮಾ! ಅದು ಉಣ್ಣೆ ಅಲ್ಲ. ಬಾತುಕೋಳಿ ಪುಕ್ಕ." ಕಣ್ಣಲ್ಲಿ ನೀರು.

"ಗೊತ್ತು" ಎಂದರು ಅತ್ತೆ.

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು.

"ನಿನ್ನ ಬನೀನು ಒಗೆಯೋಳು ಯಾರೋ? ಎಷ್ಟು ವರ್ಷದಿಂದ ಅಂಟಿದ ಪುಕ್ಕ ಕಿತ್ತು ಹಾಕ್ತಿದೀನಿ. ಉಣ್ಣೆ ಆಗಿದ್ರೆ ಯಾಕೆ ತೊಳೀತಿದ್ದೆ? ಪುಕ್ಕ ಅಂತ ಗೊತ್ತಿದ್ದಕ್ಕೇ ತೊಳೆದೆ. ತೊಳೆದ್ಮೇಲೆ ಪ್ರಯಾಣದಲ್ಲಿ ಅಷ್ಟು ಮೈಲಿಗೆ ನಡಿಯತ್ತೆ. ಇವತ್ತಾದ್ರೂ ನೀನೇ ಹೇಳ್ತೀಯೇನೋ ಅಂತ ಕೇಳಿದೆ. ನೀರು ಯಾಕೆ ಬೇಡ ಅಂತ ಬಾಯ್ಬಿಟ್ಟಿದ್ರೆ ನಾನು ಅದ್ದುತಿದ್ನಾ?"

ಎಲ್ಲ ಗೊತ್ತಿದ್ದೂ ಬಂದವರ ಮುಂದೆ ಮಗನ ಆಚಾರವನ್ನು ಹೊಗಳುತ್ತಿದ್ದರಲ್ಲ! ಒಬ್ಬರ ಸುಳ್ಳಿಗೆ ಇನ್ನೊಬ್ಬರ ಕಾವಲು, ನಡುವೆ ಉಸಿರು ಬಿಗಿಹಿಡಿದು ನಾನು. ಮೂವರೂ ಈ ಎರಡು ಕೋಣೆಯ ಮನೆಯಲ್ಲಿ ಅಷ್ಟು ಕಾಲ ಹೀಗೇ ಬದುಕಿದ್ದೆವು.

ರೈಲಿಗೆ ಎರಡೇ ದಿನ. ಐಪ್ಪಸಿ ತಿಂಗಳ ಮಳೆ ಹಿಡಿದರೆ ಮದರಾಸಿನಲ್ಲಿ ಕರವಸ್ತ್ರವೂ ಒಣಗುವುದಿಲ್ಲ. ಅತ್ತೆ ಚೀಲವನ್ನು ಫ್ಯಾನಿನಡಿ ಹಾಸಿಕೊಂಡು, ಹೂಬತ್ತಿಗೆ ಹತ್ತಿ ಬಿಡಿಸುವ ಬೆರಳುಗಳಿಂದ ಒಂದೊಂದೇ ಗಂಟನ್ನು ಬಟ್ಟೆಯ ಮೇಲಿನಿಂದಲೇ ಬಿಡಿಸತೊಡಗಿದರು. ನಮ್ಮವರು ಎದುರು ಕೂತು ತಾವೂ ಬಿಡಿಸಿದರು. ಮರುದಿನ ಕಾರ್ಖಾನೆಯ ಬಿಸಿಗಾಳಿಯ ಯಂತ್ರದಲ್ಲಿ ತಿರುಗಿಸಿ ತಂದರು. ಉಬ್ಬಿತ್ತು, ಆದರೆ ಮೊದಲಿನಷ್ಟಲ್ಲ.

"ಗಂಟು ಉಳಿದ ಕಡೆಯೆಲ್ಲ ಕುಳಿರು ಒಳಗೆ ಬರತ್ತೆ. ಹೋಗ್ಬೇಡಮ್ಮಾ" ಎಂದು ಗೋಗರೆದರು. ಅತ್ತೆ ಇನ್ನೊಂದು ಕಂಬಳಿ ಕಟ್ಟಿಕೊಂಡು ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ಆಮೇಲೆ ನಮ್ಮವರಿಗೆ ಊಟ ಸೇರಲಿಲ್ಲ. ಫೋನನ್ನು ಕೈಯಿಂದ ಬಿಡಲಿಲ್ಲ.

ಒಂದು ಸಂಜೆ ಅವರು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ಬದರಿಯಿಂದ ಫೋನು ಬಂತು. ಅತ್ತೆಯ ಗಂಟಲು ದೊಡ್ಡದು, ನನಗೂ ಕೇಳಿಸಿತು.

"ನಿನ್ನೆ ಡೇರೆಯಲ್ಲೇ ಮಲಗಿದ್ವಿ. ಕಾಲ ಹತ್ರ ಒಂಚೂರು ಥಂಡಿ, ಮಿಕ್ಕಿದ್ದೆಲ್ಲ ಬೆಚ್ಚಗಿತ್ತು ಕಣೋ. ಆದ್ರೆ ಇದ್ರಲ್ಲಿ ಕೈ ಕಾಲು ಆಡ್ಸೋಕಾಗಲ್ಲ, ಉಸಿರು ಕಟ್ಟಿದ ಹಂಗಾಗತ್ತೆ. ಪಾವಂ, ದಿನಾ ಹೆಂಗಿರ್ತೀಯೋ ನೀನು? ಮನೆಗೆ ಬಂದ್ಯಾ?"

"ಈಗ್ತಾನೆ ಬಂದೆ. ಸ್ನಾನಕ್ಕೆ ಹೊರಟಿದ್ದೆ."

"ಮೊದಲು ಕಾಫಿ ಕುಡಿಯೋ."

ನಾನು ಕಾಫಿ ಬೆರೆಸಿ ಕೊಟ್ಟೆ. ಬೆವೆತ ಅಂಗಿಯಲ್ಲೇ ಲೋಟ ಹಿಡಿದು ನಡುಮನೆಯಲ್ಲಿ ನಿಂತುಕೊಂಡರು. ಎಲ್ಲಿ ಕೂರಬೇಕೆಂದು ಅವರಿಗೆ ತಿಳಿಯಲಿಲ್ಲ.